ಒಂದೇ ಮನೆಯ ಎರಡು ಕಂಪ್ಯೂಟರ್‌ಗಳಿಗೆ ಸಂಪರ್ಕ ಸಿಗದಿದ್ದರೆ

ಮನೆಯ ಲ್ಯಾಪ್‌ಟಾಪ್‌ನಲ್ಲೂ ಡೆಸ್ಕ್‌ಟಾಪ್‌ನಲ್ಲೂ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿರುತ್ತದೆ. ಆದರೆ ಒಂದರಲ್ಲಿರುವ ಫೋಟೊಗಳನ್ನು ಇನ್ನೊಂದರಿಂದ ತೆರೆಯಲು ಹೋದರೆ ಆ ಕಂಪ್ಯೂಟರ್ ಸಿಗುತ್ತಿಲ್ಲ ಎಂಬ ಸಂದೇಶ ಕಾಣಿಸುತ್ತದೆ. ಇಂಟರ್ನೆಟ್ ಬರುತ್ತಿದೆ ಎಂದರೆ ಎರಡೂ ಕಂಪ್ಯೂಟರ್‌ಗಳಿಗೆ ಹೊರಗಿನ ದಾರಿ ತೆರೆದಿದೆ ಎಂದಷ್ಟೇ ಅರ್ಥ. ಅವುಗಳ ನಡುವಿನ ದಾರಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಕಂಡ ಸೆಟ್ಟಿಂಗ್‌ಗಳನ್ನೆಲ್ಲ ಬದಲಿಸುತ್ತ ಹೋಗದೆ, ವಿಂಡೋಸ್ 10 ಅಥವಾ 11 ಇರುವವರು ಈ ಕ್ರಮದಲ್ಲಿ ನೋಡುವುದು ಒಳ್ಳೆಯದು.

ಮೊದಲು ವಿಳಾಸ. ಎರಡೂ ಕಂಪ್ಯೂಟರ್‌ಗಳಲ್ಲಿ ಆದೇಶಗಳನ್ನು ಬರೆದು ಕೊಡುವ ಕಮಾಂಡ್ ಪ್ರಾಂಪ್ಟ್ ತೆರೆದು, ‘ಐಪಿಕಾನ್ಫಿಗ್’ (ipconfig) ಆದೇಶ ಕೊಟ್ಟಾಗ ಕಾಣುವ ಐಪಿವಿ4 (IPv4) ವಿಳಾಸಗಳನ್ನು, ಎಂದರೆ ಜಾಲದಲ್ಲಿ ಆಯಾ ಕಂಪ್ಯೂಟರನ್ನು ಗುರುತಿಸುವ ಅಂಕಿಗಳನ್ನು, ಬರೆದುಕೊಳ್ಳಿ. 192.168.1.5 ಮತ್ತು 192.168.1.8 ಎಂಬಂತೆ ಮೊದಲ ಮೂರು ಭಾಗಗಳು ಒಂದೇ ಆಗಿದ್ದರೆ ಸಾಮಾನ್ಯವಾಗಿ ಎರಡೂ ಒಂದೇ ಜಾಲದಲ್ಲಿರುತ್ತವೆ. ವಿಳಾಸ 169.254ರಿಂದ ಆರಂಭವಾಗಿದ್ದರೆ ಆ ಕಂಪ್ಯೂಟರ್‌ಗೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಕೇಬಲ್ ನೋಡಿ, ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಒಂದರ ವಿಳಾಸ 192.168.1.5, ಇನ್ನೊಂದರದ್ದು 192.168.0.12 ಎಂದಿದ್ದರೆ ಮನೆಯಲ್ಲಿ ಎರಡು ರೌಟರ್‌ಗಳಿವೆಯೇ ನೋಡಬೇಕು. ಫೈಬರ್ ಸಂಪರ್ಕ ಕೊಟ್ಟವರು ಹಾಲ್‌ನಲ್ಲಿ ಇಟ್ಟುಹೋದ ಪೆಟ್ಟಿಗೆಯೇ ಒಂದು ರೌಟರ್ ಆಗಿರುವಾಗ, ಮಹಡಿಯ ಮೇಲೆ ವೈಫೈ ಬರುವುದಿಲ್ಲವೆಂದು ಹಳೆಯ ರೌಟರೊಂದನ್ನು ಅದಕ್ಕೆ ಜೋಡಿಸಿರುತ್ತೇವೆ; ಆ ಎರಡನೆಯದು ತನ್ನದೇ ಬೇರೊಂದು ಜಾಲವನ್ನು ಕಟ್ಟಿಕೊಳ್ಳುತ್ತದೆ. ಆಗ ಮೇಲಿನಿಂದ ಕೆಳಗಿನ ಕಂಪ್ಯೂಟರ್ ಸಿಕ್ಕರೂ ಕೆಳಗಿನಿಂದ ಮೇಲಿನದು ಸಿಗುವುದಿಲ್ಲ, ಮತ್ತು ಈ ಒಮ್ಮುಖದ ಸಂಪರ್ಕವೇ ಜನರನ್ನು ಹೆಚ್ಚು ಗೊಂದಲಕ್ಕೆ ಕೆಡಹುತ್ತದೆ. ಎರಡನೆಯ ರೌಟರ್‌ನಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ ಅದಕ್ಕೆ ಮೊದಲ ಜಾಲದಲ್ಲಿ ಬೇರೆ ಯಾವುದಕ್ಕೂ ಇಲ್ಲದ ವಿಳಾಸವೊಂದನ್ನು ಕೊಟ್ಟು, ಸಾಧನಗಳಿಗೆ ತಾನೇ ವಿಳಾಸ ಹಂಚುವ ಅದರ ಡಿಎಚ್‌ಸಿಪಿ (DHCP) ವ್ಯವಸ್ಥೆ ನಿಲ್ಲಿಸಿ, ಕೆಳಗಿನಿಂದ ಬಂದ ಕೇಬಲನ್ನು ಹೊರಗಿನ ಸಂಪರ್ಕಕ್ಕಿರುವ ವ್ಯಾನ್ (WAN) ಪೋರ್ಟ್‌ನಿಂದ ಬಿಡಿಸಿ ಮನೆಯ ಸಾಧನಗಳಿಗಿರುವ ಲ್ಯಾನ್ (LAN) ಪೋರ್ಟ್‌ಗೆ ಹಾಕಬೇಕು. ಒಂದು ಕಂಪ್ಯೂಟರ್ ‘ಗೆಸ್ಟ್’ ವೈಫೈನಲ್ಲಿದ್ದರೂ ಸಂಪರ್ಕ ಸಿಗುವುದಿಲ್ಲ. ಅತಿಥಿಗಳ ಸಾಧನಗಳನ್ನು ಮನೆಯವುಗಳಿಂದ ದೂರವಿಡುವುದೇ ಅದರ ಕೆಲಸ.

ವಿಳಾಸಗಳು ಸರಿಯಿದ್ದರೆ ಒಂದರಿಂದ ಇನ್ನೊಂದಕ್ಕೆ ‘ಪಿಂಗ್’ ಮಾಡಿ, ಎಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ping ಎಂದು ಬರೆದು, ಜಾಗ ಬಿಟ್ಟು ಇನ್ನೊಂದರ ವಿಳಾಸ ಕೊಟ್ಟು, ಉತ್ತರ ಬರುತ್ತದೆಯೇ ನೋಡಿ. ಉತ್ತರ ಬಂದರೆ ದಾರಿ ಸರಿಯಿದೆ. ಬರದಿದ್ದ ಮಾತ್ರಕ್ಕೆ ದಾರಿ ಕಡಿದಿದೆ ಎನ್ನಲಾಗದು, ಏಕೆಂದರೆ ಜಾಲದಿಂದ ಬರುವ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸದಂತೆ ತಡೆದಿರಬಹುದು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಮನೆಯ ಜಾಲ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಎಂದು ಬದಲಿಸಿ, ನೆಟ್‌ವರ್ಕ್ ಡಿಸ್ಕವರಿ ಹಾಗೂ ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಫೈರ್‌ವಾಲನ್ನೇ ಆಫ್ ಮಾಡಿಬಿಡಿ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅದೇ ಲ್ಯಾಪ್‌ಟಾಪ್ ನಾಳೆ ರೈಲು ನಿಲ್ದಾಣದ ವೈಫೈಗೂ ಸೇರಬಹುದು. ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ (VPN) ಚಾಲೂ ಇದ್ದರೂ ಮನೆಯ ಜಾಲ ಕಾಣದೇ ಇರಬಹುದು.

ಹೆಸರಿನಿಂದ ಸಿಗದ ಕಂಪ್ಯೂಟರ್, ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ \\192.168.1.5 ಎಂದು ಬರೆದರೆ ತೆರೆದುಕೊಂಡಿತೇ? ಹಾಗಾದರೆ ತೊಂದರೆ ಹೆಸರು ಹುಡುಕುವುದರಲ್ಲಷ್ಟೇ ಇದೆ. ರೌಟರ್‌ನಲ್ಲಿ ಆ ವಿಳಾಸವನ್ನು ಅದೇ ಕಂಪ್ಯೂಟರ್‌ಗೆ ಕಾಯ್ದಿರಿಸಿ, ಒಂದು ಶಾರ್ಟ್‌ಕಟ್ ಮಾಡಿಟ್ಟುಕೊಳ್ಳಬಹುದು. ಇದಕ್ಕಾಗಿ ಫೈಲ್ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ1 (SMB1) ಅನ್ನು ಮತ್ತೆ ಆನ್ ಮಾಡುವುದು ಅಪಾಯಕರ: 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಒತ್ತೆಯಾಗಿಟ್ಟುಕೊಂಡು ಹಣ ಕೇಳಿದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಅದರಲ್ಲಿದ್ದ ದೋಷದಿಂದಲೇ.

ಕಂಪ್ಯೂಟರ್ ಸಿಕ್ಕಿ, ಪಾಸ್‌ವರ್ಡ್ ಕೇಳುತ್ತ ಪ್ರತಿ ಸಲವೂ ತಿರಸ್ಕರಿಸುತ್ತಿದ್ದರೆ, ನೀವು ಬರೆಯುತ್ತಿರುವುದು ಪಿನ್ ಅಲ್ಲವೇ ಎಂದು ನೋಡಿ. ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ಜಾಲದ ಮೂಲಕ ಬರುವವರು ಖಾತೆಯ ಪಾಸ್‌ವರ್ಡನ್ನೇ ಕೊಡಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯಿಂದ ಜಾಲದ ಮೂಲಕ ಒಳಹೋಗಲು ವಿಂಡೋಸ್ ಬಿಡುವುದಿಲ್ಲವಾದ್ದರಿಂದ, ಮನೆಮಂದಿಯೆಲ್ಲ ಬಳಸುವ ಡೆಸ್ಕ್‌ಟಾಪ್‌ಗೆ ಒಂದು ಪಾಸ್‌ವರ್ಡ್ ಇಡಲೇಬೇಕು. ಅದನ್ನು ಇಟ್ಟ ಮೇಲೂ ಹಳೆಯ ವಿವರವೇ ಅಡ್ಡ ಬರುತ್ತಿದ್ದರೆ, ಇನ್ನೊಂದು ಕಂಪ್ಯೂಟರ್‌ನಲ್ಲಿ ಲಾಗಿನ್ ವಿವರಗಳನ್ನು ಉಳಿಸಿಡುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದಿರುವ ಆ ನಮೂದನ್ನು ಅಳಿಸಿ, ಹೊಸದಾಗಿ ಲಾಗಿನ್ ಆಗಿ.