ಮಟ್ ಎಂಬ ಕಂತ್ರಿ ನಾಯಿಯನ್ನು ಪಳಗಿಸಿದ್ದು

ನನ್ನ ಮೇಲ್ ಪ್ರೋಗ್ರಾಮಿನ ಸೆಟ್ಟಿಂಗ್ ಫೈಲಿನಲ್ಲಿ ಈಗ 94 ಸಾಲುಗಳಿವೆ. ಶುರುವಿನಲ್ಲಿ 600ಕ್ಕೂ ಜಾಸ್ತಿ ಇದ್ದವು. ಆ 600ರಲ್ಲಿ ಒಂದನ್ನೂ ನಾನು ಬರೆದಿರಲಿಲ್ಲ. ಯಾರೋ ಪುಣ್ಯಾತ್ಮರು ತಮಗೆಂದು ಬರೆದುಕೊಂಡದ್ದನ್ನು ಹಾಗೇ ಇಳಿಸಿಕೊಂಡಿದ್ದೆ. ದೇವಸ್ಥಾನದಿಂದ ಬರುವಾಗ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದ ಹಾಗಿತ್ತು. ನಡೆಯಲು ಏನೂ ತೊಂದರೆ ಇಲ್ಲ, ಆದರೆ ಪ್ರತಿ ಹೆಜ್ಜೆಗೂ ಇದು ನನ್ನದಲ್ಲ ಅನ್ನಿಸುತ್ತಿತ್ತು.

ಪ್ರೋಗ್ರಾಮಿನ ಹೆಸರು ಮಟ್. ಮಠಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಂಗ್ಲಿಷಿನಲ್ಲಿ ಮಟ್ ಅಂದರೆ ಕಂತ್ರಿ ನಾಯಿ. 1995ರಲ್ಲಿ ಮೈಕೆಲ್ ಎಲ್ಕಿನ್ಸ್ ಬರೆದದ್ದು. ಅದಕ್ಕೂ ಮುಂಚೆ ಇದ್ದ ಎಲ್ಮ್, ಪೈನ್ ಮುಂತಾದವುಗಳಿಂದ ಒಂದೊಂದು ಗುಣ ಎತ್ತಿಕೊಂಡು ಹುಟ್ಟಿದ ಬೆರಕೆ, ಹಾಗಾಗಿ ಹೆಸರು ಒಪ್ಪುತ್ತದೆ. ಎಲ್ಲ ಮೇಲ್ ಪ್ರೋಗ್ರಾಮುಗಳೂ ಕೆಟ್ಟವೇ, ಇದು ಸ್ವಲ್ಪ ಕಡಿಮೆ ಕೆಟ್ಟದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. ಇದರಿಂದ ಕವಲೊಡೆದ ನಿಯೋಮಟ್ ಅಂತ ಇನ್ನೊಂದಿದೆ. ನಾನು ಹೇಳುವುದರಲ್ಲಿ ಹೆಚ್ಚಿನದ್ದು ಅದಕ್ಕೂ ಹೊಂದುತ್ತದೆ.

ಕಪ್ಪು ಪರದೆ, ಅಕ್ಷರಗಳು, ಅಷ್ಟೆ. ಮೌಸ್ ಬೇಕಿಲ್ಲ. ಮೊದಲ ಸಲ ನೋಡಿದಾಗ ನನ್ನ ಹೆಂಡತಿ, "ಏನ್ರೀ ಇದು, ಯಾರ ಬ್ಯಾಂಕಿಗೆ ಕನ್ನ ಹಾಕ್ತಿದೀರಿ?" ಅಂದಳು.

ನಾನು ಇದಕ್ಕೆ ಬಂದದ್ದು ಶೋಕಿಗಲ್ಲ. ಮಲೆನಾಡಿನ ಮನೆಗೆ ವಾಪಸ್ ಬಂದ ಮೇಲೆ ಮಳೆಗಾಲದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಂತ್ರಾಂಶಗಳನ್ನು ಕನ್ನಡಕ್ಕೆ ಅನುವಾದ ಮಾಡುವ ಕೆಲಸ ನನ್ನದು. ದಿನಕ್ಕೆ ನೂರಾರು ಮೇಲ್ ಬರುತ್ತವೆ. ಬ್ರೌಸರಿನಲ್ಲಿ ಒಂದು ಮೇಲ್ ತೆರೆಯಲು ಚಕ್ರ ಸುತ್ತುವುದನ್ನು ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಈಗ ಎಂಬಿಸಿಂಕ್ ಅನ್ನುವ ಪುಟ್ಟ ಪ್ರೋಗ್ರಾಮು ನೆಟ್ ಸಿಕ್ಕಾಗ ಎಲ್ಲ ಮೇಲನ್ನೂ ಡಿಸ್ಕಿಗೆ ತಂದು ಹಾಕುತ್ತದೆ. ಮಟ್ ಅದನ್ನು ಅಲ್ಲಿಂದಲೇ ಓದುತ್ತದೆ. ಕಳಿಸುವ ಕೆಲಸ ಎಂಎಸ್‌ಎಂಟಿಪಿ ಅನ್ನುವ ಇನ್ನೊಂದು ಪ್ರೋಗ್ರಾಮಿನದ್ದು. ಜಿಮೇಲ್ ಇದ್ದವರಿಗೆ ಒಂದು ಮಾತು: 2022ರ ಮೇ 30ರಿಂದ ಬರೀ ಮಾಮೂಲಿ ಪಾಸ್‌ವರ್ಡ್ ಕೊಟ್ಟರೆ ಇಂಥ ಪ್ರೋಗ್ರಾಮುಗಳನ್ನು ಅದು ಒಳಗೆ ಬಿಡುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿಕೊಂಡು, ಇಂಥ ಪ್ರೋಗ್ರಾಮಿಗೆಂದೇ ಬೇರೆಯಾಗಿ ಕೊಡುವ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಇನ್ನೊಂದು, ಕಳಿಸಿದ ಮೇಲ್‌ನ ಪ್ರತಿಯನ್ನು ಜಿಮೇಲ್ ತಾನೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಮಟ್‌ನಲ್ಲಿ 'ರೆಕಾರ್ಡ್' ಅನ್ನುವ ಸೆಟ್ಟಿಂಗನ್ನು ತೆಗೆದುಬಿಡಿ, ಇಲ್ಲದಿದ್ದರೆ ಎಲ್ಲವೂ ಎರಡೆರಡು.

ಇಳಿಸಿಕೊಂಡ 600 ಸಾಲಿನ ಫೈಲಿನ ಜೊತೆ ಎರಡು ತಿಂಗಳು ಒದ್ದಾಡಿದೆ. ಒಂದು ಕೀ ಒತ್ತಿದರೆ ಏನೋ ಆಗುತ್ತಿತ್ತು, ಯಾಕೆ ಆಯಿತು ಅಂತ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಪೂರ್ತಿ ಅಳಿಸಿ ಖಾಲಿ ಫೈಲಿನಿಂದ ಶುರು ಮಾಡಿದೆ. ಒಂದು ನಿಯಮ ಹಾಕಿಕೊಂಡೆ. ಒಂದೇ ವಿಷಯಕ್ಕೆ ಮೂರು ಸಲ ಸಿಟ್ಟು ಬಂದರೆ ಮಾತ್ರ ಒಂದು ಸಾಲು ಸೇರಿಸುವುದು. ಅದರ ಮೇಲೆ # ಹಾಕಿ, ಯಾಕೆ ಸಿಟ್ಟು ಬಂತು ಅಂತ ಬರೆಯುವುದು.

ಮೊದಲ ಸಿಟ್ಟು ಸ್ಪೇಸ್ ಕೀ ಮೇಲೆ. ಮೇಲ್ ಓದುತ್ತಾ ಸ್ಪೇಸ್ ಒತ್ತಿದರೆ ಪುಟ ಕೆಳಗೆ ಹೋಗುತ್ತದೆ, ಸರಿ. ಆದರೆ ಕೊನೆ ಮುಟ್ಟಿದ ಮೇಲೂ ಒತ್ತಿದರೆ ಸೀದಾ ಮುಂದಿನ ಮೇಲಿಗೆ ಹಾರುತ್ತದೆ. ಓದದೇ ಇರುವ ಮೇಲು ಓದಿದ್ದು ಅಂತ ಗುರುತಾಗಿಬಿಡುತ್ತದೆ. 'ಪೇಜರ್ ಸ್ಟಾಪ್' ಅನ್ನುವುದನ್ನು ಯೆಸ್ ಮಾಡಿದರೆ ಅಲ್ಲೇ ನಿಲ್ಲುತ್ತದೆ. (ಸೆಟ್ಟಿಂಗಿನ ಹೆಸರಲ್ಲಿ ಎರಡು ಪದ ಇದ್ದರೆ ಫೈಲಿನಲ್ಲಿ ನಡುವೆ ಅಂಡರ್‌ಸ್ಕೋರ್ ಹಾಕಬೇಕು.) ಎರಡನೆಯದು, ಉದ್ದ ಸಾಲು ಮಡಿಚಿದ ಕಡೆಯೆಲ್ಲ ಒಂದು + ಚಿಹ್ನೆ. ಅನುವಾದದ ಸಾಲುಗಳನ್ನು ನಕಲು ಮಾಡಿದಾಗ ಆ + ಕೂಡ ಅಂಟಿಕೊಂಡು ಬರುತ್ತಿತ್ತು. 'ಮಾರ್ಕರ್ಸ್' ನೋ ಅಂದೆ, ಹೋಯಿತು. ಮೂರನೆಯದು, ಓದದೆ ಬಿಟ್ಟ ಹೊಸ ಮೇಲನ್ನು ಮರುದಿನ 'ಹಳೆಯದು' ಅನ್ನುವ ಗುರುತು. ನಾನು ಓದಿಲ್ಲ ಅಂದರೆ ಅದು ಹೊಸದೇ, ಅಲ್ವಾ? 'ಮಾರ್ಕ್ ಓಲ್ಡ್' ನೋ.

ಮೇಲುಗಳನ್ನು ಎಳೆಯಾಗಿ ಜೋಡಿಸುವುದು ಮಟ್‌ನ ದೊಡ್ಡ ಸುಖ. 'ಸಾರ್ಟ್' ಅನ್ನು ಥ್ರೆಡ್ಸ್ ಮಾಡಿದೆ. ಪ್ರಶ್ನೆ, ಅದಕ್ಕೆ ಉತ್ತರ, ಉತ್ತರಕ್ಕೆ ತಕರಾರು, ಎಲ್ಲ ಮರದ ಕೊಂಬೆಗಳ ಹಾಗೆ ಕಾಣುತ್ತವೆ. ಆದರೆ ಹಳೇ ಚರ್ಚೆಗೆ ಹೊಸ ಉತ್ತರ ಬಂದರೆ ಅದು ಎಲ್ಲೋ ಮೇಲೆ, ಎರಡು ವಾರದ ಹಿಂದಿನ ಜಾಗದಲ್ಲಿ ಹೂತು ಕೂರುತ್ತಿತ್ತು. 'ಸಾರ್ಟ್ ಆಕ್ಸ್' ಅನ್ನುವುದಕ್ಕೆ 'ಲಾಸ್ಟ್-ಡೇಟ್-ರಿಸೀವ್ಡ್' ಅಂತ ಕೊಟ್ಟ ಮೇಲೆ, ಉತ್ತರ ಬಂದ ಇಡೀ ಚರ್ಚೆಯೇ ಕೆಳಕ್ಕೆ, ಕಣ್ಣ ಮುಂದೆ ಬರುತ್ತದೆ. ಇದೊಂದು ಸಾಲು ಸಿಗಲು ನನಗೆ ಮೂರು ವಾರ ಬೇಕಾಯಿತು. ಕೈಪಿಡಿಯಲ್ಲಿ ಇತ್ತು. ಓದಿರಲಿಲ್ಲ.

ಬ್ಯಾಂಕು, ವಿಮೆ, ಅಂಗಡಿಗಳ ಮೇಲ್‌ಗಳೆಲ್ಲ ಎಚ್‌ಟಿಎಂಎಲ್‌ನಲ್ಲಿ, ಅಂದರೆ ವೆಬ್ ಪುಟದ ರೂಪದಲ್ಲಿ ಬರುತ್ತವೆ. ಅದಕ್ಕೆ, ಯಾವುದನ್ನು ಯಾವ ಪ್ರೋಗ್ರಾಮಿನಲ್ಲಿ ತೆರೆಯಬೇಕು ಅಂತ ಹೇಳುವ ಮೇಲ್‌ಕ್ಯಾಪ್ ಫೈಲಿನಲ್ಲಿ ಡಬ್ಲ್ಯು3ಎಂ ಅನ್ನುವ ಅಕ್ಷರ-ಬ್ರೌಸರನ್ನು ಕಟ್ಟಿ, ಮಟ್‌ಗೆ 'ಆಟೋ ವ್ಯೂ' ಹೇಳಿದರೆ ಬರೀ ಮಾತು ಉಳಿದು ಬಣ್ಣ-ಬೊಂಬೆಗಳು ಉದುರಿ ಹೋಗುತ್ತವೆ. ಮೇಲ್ ತೆರೆದಿರಾ ಇಲ್ಲವಾ ಅಂತ ಪತ್ತೆ ಮಾಡಲು ಇಟ್ಟಿರುವ ಕಾಣದ ಚಿತ್ರಗಳೂ ಇಳಿಯುವುದಿಲ್ಲ. ಹಬ್ಬದ ಆಫರ್ ಮೇಲಿನಲ್ಲಿ ಎಷ್ಟು ಕಡಿಮೆ ಮಾತಿದೆ ಅಂತ ಆಗಲೇ ನನಗೆ ಗೊತ್ತಾದದ್ದು.

ಇಷ್ಟೆಲ್ಲ ಯಾವ ಭಾಷೆಯವರಿಗೂ ಒಂದೇ. ಕನ್ನಡದ ಮೇಲ್ ಬಂದಾಗ ನಿಜವಾದ ಗೋಳು ಶುರು.

ಟರ್ಮಿನಲ್, ಅಂದರೆ ಮಟ್ ಓಡುವ ಆ ಕಪ್ಪು ಪರದೆ, ಚೌಕುಳಿ ಹಾಳೆ ಇದ್ದ ಹಾಗೆ. ಒಂದು ಅಕ್ಷರಕ್ಕೆ ಒಂದು ಚೌಕ. ನಮ್ಮ ಲಿಪಿ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. 'ಲಕ್ಷ್ಮಿ' ಅಂತ ಬರೆಯಿರಿ. ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿಗೆ ಏಳು ಸಂಕೇತ: ಲ, ಕ, ಸ್ವರವನ್ನು ಕಳೆಯುವ ಹಲಂತದ ಗುರುತು, ಷ, ಮತ್ತೆ ಹಲಂತ, ಮ, ಕೊನೆಗೆ ಗುಡಿಸು. ಹಲಂತಕ್ಕೂ ಗುಡಿಸಿಗೂ ಜಾಗ ಬೇಡ ಅಂತ ಬಿಟ್ಟು ಮಟ್ ನಾಲ್ಕು ಚೌಕ ಎಣಿಸುತ್ತದೆ. ಟರ್ಮಿನಲ್ಲು ಒತ್ತಕ್ಷರ ಕೂಡಿಸಿದರೆ ಪಕ್ಕದ ಕಾಲಂ ಓರೆಯಾಗುತ್ತದೆ. ಕೂಡಿಸದಿದ್ದರೆ ಕಾಲಂ ನೆಟ್ಟಗಿರುತ್ತದೆ, ಲಕ್ಷ್ಮಿ ಮಾತ್ರ ಕೈಕಾಲು ಬೇರೆ ಬೇರೆಯಾಗಿ ಬಿದ್ದಿರುತ್ತಾಳೆ. ನಾನು ಮೊದಲು ಬಳಸುತ್ತಿದ್ದ ಟರ್ಮಿನಲ್ ಈ ಎರಡನೇ ಜಾತಿಯದ್ದು.

ಎಂಎಲ್‌ಟರ್ಮ್ ಅಂತ ಒಂದು ಟರ್ಮಿನಲ್ ಇದೆ, ಭಾರತದ ಲಿಪಿಗಳನ್ನು ಗಮನದಲ್ಲಿಟ್ಟುಕೊಂಡಿದೆ. ಅದಕ್ಕೆ ಬದಲಾದೆ. ಓದಲು ಆಗುವ ಹಾಗಾಯಿತು. ಕಾಲಂ ಓರೆಯಾಗುವುದಕ್ಕೆ ಮಟ್‌ನಲ್ಲೇ ಒಂದು ಉಪಾಯ ಮಾಡಿದೆ. ಪಟ್ಟಿಯಲ್ಲಿ ವಿಷಯದ ಸಾಲು ಹೇಗೂ ಕೊನೆಗೆ ಬರುತ್ತದೆ, ಅದು ಎಷ್ಟು ಓರೆಯಾದರೂ ಯಾರಿಗೂ ತೊಂದರೆ ಇಲ್ಲ. ತೊಂದರೆ ಇದ್ದದ್ದು ನಡುವೆ ಬರುವ ಹೆಸರಿನದ್ದು. 'ರಿವರ್ಸ್ ಏಲಿಯಸ್' ಅನ್ನುವುದನ್ನು ಯೆಸ್ ಮಾಡಿದರೆ, ಮೇಲಿನಲ್ಲಿ ಬಂದ ಹೆಸರಿನ ಬದಲು ನಮ್ಮ ವಿಳಾಸ ಪುಸ್ತಕದಲ್ಲಿ ಬರೆದುಕೊಂಡ ಹೆಸರು ಕಾಣುತ್ತದೆ. ಕನ್ನಡದಲ್ಲಿ ಹೆಸರು ಹಾಕಿಕೊಂಡ ಹದಿನೈದಿಪ್ಪತ್ತು ಜನಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದು ಅಡ್ಡಹೆಸರು ಕೊಟ್ಟೆ. ದೊಡ್ಡಮ್ಮನ ಪೂರ್ತಿ ಹೆಸರಿನ ಜಾಗದಲ್ಲಿ ಈಗ ಇಂಗ್ಲಿಷ್ ಅಕ್ಷರದ 'ದೊಡ್ಡಮ್ಮ' ಇದೆ. ಕನ್ನಡಕ್ಕಾಗಿ ಕೆಲಸ ಮಾಡುವವನು ಹೀಗೆ ಮಾಡಬಾರದಿತ್ತೇನೋ. ಆದರೆ ಕಾಲಂ ನೆಟ್ಟಗಾಯಿತು.

ಓದುವುದು ಇಷ್ಟಾದರೆ ಬರೆಯುವುದು ಇನ್ನೂ ಕಷ್ಟ. ಟರ್ಮಿನಲ್ ಒಳಗೇ ಓಡುವ ವಿಮ್ ಅನ್ನುವ ಎಡಿಟರಿನಲ್ಲಿ ಕನ್ನಡ ಟೈಪ್ ಮಾಡಿದರೆ ಕರ್ಸರ್ ಒಂದು ಕಡೆ, ಅಕ್ಷರ ಬೀಳುವುದು ಇನ್ನೊಂದು ಕಡೆ. ಹಟ ಬಿಟ್ಟು, ಕನ್ನಡ ಬರೆಯಲು ತನ್ನದೇ ಬೇರೆ ಕಿಟಕಿಯಲ್ಲಿ ತೆರೆಯುವ ಕೇಟ್ ಅನ್ನುವ ಎಡಿಟರ್ ಇಟ್ಟುಕೊಂಡೆ. 'ಎಡಿಟರ್' ಸಾಲಿನಲ್ಲಿ ಅದರ ಹೆಸರು ಕೊಟ್ಟೆ. ಕೇಟ್ ತೆರೆಯಿತು, ಉದ್ದನೆಯ ಪತ್ರ ಬರೆದೆ, ಉಳಿಸಿದೆ. ಮಟ್‌ಗೆ ವಾಪಸ್ ಬಂದು ನೋಡಿದರೆ, ಏನೂ ಬದಲಾಗಿಲ್ಲ, ಹಾಗಾಗಿ ರದ್ದು ಮಾಡಿದ್ದೇನೆ ಅನ್ನುತ್ತಿದೆ! ಕಾರಣ ಸರಳ. ಈಗಾಗಲೇ ತೆರೆದಿದ್ದ ಕೇಟ್‌ಗೆ ಫೈಲು ಕೊಟ್ಟು ಆ ಆಜ್ಞೆ ತಕ್ಷಣ ಮುಗಿಯುತ್ತದೆ. ಎಡಿಟರ್ ಮುಚ್ಚಿದರು ಅಂತ ಮಟ್ ತಿಳಿಯುತ್ತದೆ. ಫೈಲು ಇದ್ದ ಹಾಗೇ ಇದೆ, ಸರಿ, ಬೇಡವಾಯಿತು ಅಂದುಕೊಳ್ಳುತ್ತದೆ. ಕೇಟ್ ಪಕ್ಕದಲ್ಲಿ --ಬ್ಲಾಕ್ ಅಂತ ಸೇರಿಸಿದರೆ ಅದು ಮುಚ್ಚುವ ತನಕ ಮಟ್ ಕಾಯುತ್ತದೆ.

ಉತ್ತರ ಬರೆಯುವಾಗ ಮೇಲೆ ಇಂಥ ದಿನ ಇಂಥವರು ಬರೆದರು ಅಂತ ಒಂದು ಸಾಲು ಇಂಗ್ಲಿಷಿನಲ್ಲಿ ಬರುತ್ತದಲ್ಲ, ಅದು 'ಆಟ್ರಿಬ್ಯೂಷನ್'. ಅದನ್ನು ಕನ್ನಡದಲ್ಲೇ 'ಇಂಥ ದಿನ ಇಂಥವರು ಬರೆದದ್ದು' ಅಂತ ಹಾಕಿಕೊಳ್ಳಬಹುದು. ವಾರ, ತಿಂಗಳ ಹೆಸರೂ ಕನ್ನಡದಲ್ಲಿ ಬರಬೇಕು ಅಂದರೆ 'ಆಟ್ರಿಬ್ಯೂಷನ್ ಲೊಕೇಲ್' ಅನ್ನು ಕನ್ನಡಕ್ಕೆ ಇಡಬೇಕು. ನಾನು ಇಟ್ಟೆ. ಆದರೂ ಇಂಗ್ಲಿಷೇ ಬಂತು. ಎರಡು ಸಂಜೆ ತಲೆ ಕೆರೆದುಕೊಂಡೆ. 'ಡೇಟ್ ಫಾರ್ಮ್ಯಾಟ್' ಸಾಲಿನ ಶುರುವಿನಲ್ಲಿ ಒಂದು ! ಇರುತ್ತದೆ. ಯಾವ ಭಾಷೆ ಹೇಳಿದರೂ ಕೇಳಬೇಡ ಅಂತ ಅದರ ಅರ್ಥ. ಅದನ್ನು ತೆಗೆದ ಮೇಲೆ 'ಸೋಮವಾರ' ಬಂತು. ಒಂದು ಶಬ್ದಕ್ಕೆ ಅಷ್ಟು ಖುಷಿಪಟ್ಟದ್ದು ನನಗೇ ನಗು ತರಿಸುತ್ತದೆ.

ಇದೂ, ಕನ್ನಡದ ಸಹಿಯೂ ಎಲ್ಲರಿಗೂ ಬೇಡ, ಮನೆಯವರಿಗೂ ಕನ್ನಡದ ಗೆಳೆಯರಿಗೂ ಸಾಕು ಅಂತ 'ಸೆಂಡ್-ಹುಕ್' ಹಾಕಿದೆ. ಯಾರಿಗೆ ಕಳಿಸುತ್ತಿದ್ದೇವೆ ಅಂತ ನೋಡಿ ಸೆಟ್ಟಿಂಗ್ ಬದಲಿಸುವ ಕೊಕ್ಕೆ ಅದು. ದೊಡ್ಡಮ್ಮನಿಗೆ ಒಂದು ಉತ್ತರ ಬರೆದೆ, ಚೆನ್ನಾಗಿ ಹೋಯಿತು. ಅರ್ಧ ಗಂಟೆ ಬಿಟ್ಟು ಜರ್ಮನಿಯ ಒಬ್ಬ ಡೆವಲಪರಿಗೆ ಉತ್ತರ ಕಳಿಸಿದೆ. ಅವರ ಇಂಗ್ಲಿಷ್ ಮಾತಿನ ನೆತ್ತಿಯ ಮೇಲೆ 'ಬರೆದದ್ದು', ಕೊನೆಯಲ್ಲಿ ನನ್ನ ಸಹಿಯಾಗಿ 'ಎಲ್ಲರನ್ನೂ ಕೇಳಿದೆ ಎಂದು ಹೇಳಿ'. ಅವರು ಬಹಳ ಸಭ್ಯರು, ಏನೂ ಅನ್ನಲಿಲ್ಲ. ಮಟ್‌ನಲ್ಲಿ ಕೊಕ್ಕೆ ಒಮ್ಮೆ ಬದಲಿಸಿದ್ದು ಬದಲಾಗಿಯೇ ಇರುತ್ತದೆ, ಇನ್ನೊಂದು ಕೊಕ್ಕೆ ಬಂದು ವಾಪಸ್ ಮಾಡುವವರೆಗೆ. ಎಲ್ಲಕ್ಕಿಂತ ಮೇಲೆ, ಎಲ್ಲರಿಗೂ ಹೊಂದುವ ಒಂದು ಕೊಕ್ಕೆ ಹಾಕಿ ಅಲ್ಲಿ ಇಂಗ್ಲಿಷ್ ಸೆಟ್ಟಿಂಗ್ ಕೊಡಬೇಕು. ಅದರ ಕೆಳಗೆ ದೊಡ್ಡಮ್ಮನದ್ದು. ಮೇಲಿನಿಂದ ಕೆಳಕ್ಕೆ ಓದುವುದರಿಂದ ಕೊನೆಗೆ ಹೊಂದಿದ್ದೇ ಗೆಲ್ಲುತ್ತದೆ.

ಕನ್ನಡಕ್ಕೆ ಸಲೀಸಾಗಿ ಒಗ್ಗಿದ್ದು ಒಂದೇ ಒಂದು. ಫೈಲ್ ಲಗತ್ತಿಸಿದ್ದೇನೆ ಅಂತ ಬರೆದು ಲಗತ್ತಿಸದೆ ಕಳಿಸುವ ರೋಗ ನನಗೆ ಹಳೆಯದು. 'ಅಬಾರ್ಟ್ ನೋಅಟ್ಯಾಚ್' ಅನ್ನುವುದು ಅದಕ್ಕೆ ಮದ್ದು. ಮೇಲಿನಲ್ಲಿ ಕೆಲವು ಶಬ್ದ ಕಂಡು, ಫೈಲ್ ಇಲ್ಲದಿದ್ದರೆ ತಡೆದು ಕೇಳುತ್ತದೆ. ಅದಕ್ಕೆ ಮೊದಲಿಂದ ಗೊತ್ತಿರುವುದು 'ಅಟ್ಯಾಚ್' ಅನ್ನುವ ಇಂಗ್ಲಿಷ್ ಶಬ್ದ ಮಾತ್ರ. ಲಗತ್ತು, ಲಗತ್ತಿಸಿದೆ, ಲಗತ್ತಿಸಲಾಗಿದೆ, ಎಲ್ಲವನ್ನೂ ಬರೆಯಬೇಕಾ ಅಂತ ಮೊದಲು ಗಾಬರಿಯಾಯಿತು. ಬೇಕಿಲ್ಲ. 'ಲಗತ್ತ' ಅಂದರೆ ಸಾಕು. ಗುಡಿಸು, ಕೊಂಬು ಎಲ್ಲ ಅದರ ನಂತರ ಬರುವ ಬೇರೆ ಸಂಕೇತಗಳು, ಹಾಗಾಗಿ ಎಲ್ಲ ರೂಪವೂ ಸಿಕ್ಕಿಬೀಳುತ್ತದೆ. ಲಕ್ಷ್ಮಿಯನ್ನು ಏಳು ಚೂರು ಮಾಡಿದ ಅದೇ ಏರ್ಪಾಡು ಇಲ್ಲಿ ಕೈಹಿಡಿಯಿತು. ಜೊತೆಗೆ 'ಫೈಲ್ ಕಳ್ಸ' ಅಂತಲೂ ಹಾಕಿದ್ದೇನೆ, ಗೆಳೆಯರಿಗೆ ನಾನು ಬರೆಯುವುದು ಹಾಗೇ.

ಒಂದು ಪೆಟ್ಟು ಮಾತ್ರ ಜೋರಾಗಿಯೇ ಬಿತ್ತು. ಒಟಿಪಿ ಮೇಲುಗಳು 30 ದಿನ ಕಳೆದರೆ ಅಳಿಸಲಿ ಅಂತ ಒಂದು ಮ್ಯಾಕ್ರೋ, ಅಂದರೆ ಒಂದೇ ಕೀಗೆ ಕಟ್ಟಿದ ಆಜ್ಞೆಗಳ ಸರಣಿ, ಬರೆದಿದ್ದೆ. ಹಳೇ ಒಟಿಪಿಗಳಿಗೆ ಗುರುತು ಹಾಕು, ಗುರುತಿದ್ದವನ್ನು ಅಳಿಸು. ತಿಂಗಳುಗಟ್ಟಲೆ ಸರಿಯಾಗಿ ನಡೆಯಿತು. ಒಂದು ದಿನ ಅಂಥ ಮೇಲ್ ಒಂದೂ ಇರಲಿಲ್ಲ. ಗುರುತು ಯಾವುದಕ್ಕೂ ಬೀಳಲಿಲ್ಲ. 'ಗುರುತಿದ್ದವನ್ನು' ಅನ್ನುವ ಭಾಗ ಸೋತಿತು, 'ಅಳಿಸು' ಅನ್ನುವುದು ಸೋಲಲಿಲ್ಲ. ಕರ್ಸರ್ ಕೆಳಗೆ ಯಾವ ಮೇಲ್ ಇತ್ತೋ ಅದಕ್ಕೆ ಬಿತ್ತು. ಅದು ಮಗಳ ಫೀಸಿನ ರಸೀದಿ. ನಾನು ನೋಡದೆ ಹೊರಬಂದೆ, ಎಂಬಿಸಿಂಕ್ ವಿಧೇಯವಾಗಿ ಸರ್ವರಿನಿಂದಲೂ ಅಳಿಸಿತು. ಇಂಥದ್ದಕ್ಕೆಂದೇ 'ಟ್ಯಾಗ್-ಪ್ರಿಫಿಕ್ಸ್-ಕಂಡ್' ಅಂತ ಇದೆ. ಗುರುತು ಯಾವುದಕ್ಕೂ ಇಲ್ಲದಿದ್ದರೆ ಮ್ಯಾಕ್ರೋದ ಉಳಿದ ಭಾಗವನ್ನು ಅದು ನುಂಗಿಬಿಡುತ್ತದೆ. ಅದನ್ನು ಹಾಕಿದೆ. 'ಟ್ರ್ಯಾಶ್' ಸೆಟ್ಟಿಂಗಿಗೂ ಒಂದು ಫೋಲ್ಡರ್ ಕೊಟ್ಟೆ, ಅಳಿಸಿದ್ದೆಲ್ಲ ಮೊದಲು ಅಲ್ಲಿಗೆ ಹೋಗಿ ಕೂರುತ್ತದೆ. ಆ ಸಾಲಿನ ಮೇಲಿನ # ಟಿಪ್ಪಣಿಯಲ್ಲಿ 'ರಸೀದಿ' ಅಂತ ಒಂದೇ ಪದ ಇದೆ. ಎರಡನೇ ಪ್ರತಿ ಕೇಳಲು ಶಾಲೆಗೆ ಹೋದವಳು ಹೆಂಡತಿ. ಅವಳು ಅಂದದ್ದನ್ನು ಟಿಪ್ಪಣಿಯಲ್ಲಿ ಬರೆದಿಲ್ಲ.

ಬಣ್ಣಗಳಿಗೆ ಆರು ಸಾಲು ಇದೆ. ನನ್ನ ಕಣ್ಣಿಗೆ ಹಳದಿ ಹಿತ, ನಿಮಗೆ ಬೇರೆ ಇರಬಹುದು. ಹುಡುಕಲು ನಾಟ್‌ಮಚ್ ಬಳಸುತ್ತೇನೆ, ಅದು ಇನ್ನೊಂದು ದಿನದ ಕತೆ.

ಕಳೆದ ವಾರ ದೊಡ್ಡಮ್ಮನ ಮೇಲ್ ಬಂತು. "ನಿನ್ನ ಉತ್ತರದಲ್ಲಿ ಸೋಮವಾರ, ಮಂಗಳವಾರ ಅಂತೆಲ್ಲ ಕನ್ನಡದಲ್ಲೇ ಬರ್ತದಲ್ಲ ಮಾರಾಯ, ನನ್ನ ಮೊಬೈಲಲ್ಲಿ ಅದನ್ನ ಎಲ್ಲಿ ಒತ್ತಬೇಕು?" ಇನ್ನೂ ಉತ್ತರ ಬರೆದಿಲ್ಲ. ಮುಖ್ಯವಾದದ್ದು ಅಂತ ಗುರುತು ಹಾಕಲು ದೊಡ್ಡಕ್ಷರದ ಎಫ್ ಒತ್ತಿದ್ದೇನೆ. ಪಟ್ಟಿಯಲ್ಲಿ ಆ ಮೇಲ್‌ನ ಪಕ್ಕ ಒಂದು ! ಕೂತಿದೆ.