ಮೊದಲು ಒಬ್ಬೊಬ್ಬರ ಜತೆ ಮಾತು

ಬೆಂಗಳೂರಿನ ಫ್ಯಾಮಿಲಿ ಕೋರ್ಟ್‌ಗಳಿಂದ ಮಧ್ಯಸ್ಥಿಕೆಗೆ ಬರುವ ದಂಪತಿ ನನ್ನಿಂದ ಒಂದು ಮಾತು ಕೇಳಲು ಕಾಯುತ್ತಿರುತ್ತಾರೆ: ತಪ್ಪು ಯಾರದು? ಅದನ್ನು ಹೇಳುವುದು ನನ್ನ ಕೆಲಸವಲ್ಲ. ಕೂತ ತಕ್ಷಣ ಇದನ್ನು ಬಿಡಿಸಿ ಹೇಳುತ್ತೇನೆ. ನಾನು ತೀರ್ಪು ಕೊಡುವುದಿಲ್ಲ. ಇಲ್ಲಿ ಆಡಿದ ಮಾತನ್ನು ಜಡ್ಜ್‌ಗೆ ತಿಳಿಸುವುದೂ ಇಲ್ಲ. ರಾಜಿ ಆಯಿತೋ ಇಲ್ಲವೋ ಎಂಬುದು, ಆಗಿದ್ದರೆ ರಾಜಿ ಪತ್ರ, ಇಷ್ಟೇ ಕೋರ್ಟ್‌ಗೆ ಹೋಗುತ್ತದೆ.

ನನ್ನ ಅನುಭವದಲ್ಲಿ ಕೇಸ್ ತಿರುಗುವುದು ಪ್ರತ್ಯೇಕ ಮಾತುಕತೆಯಲ್ಲಿ. ಇಬ್ಬರೂ ಎದುರುಬದುರು ಕೂತಾಗ ಬರೀ ಆರೋಪ. ಒಬ್ಬರೇ ಇದ್ದಾಗ "ನಿಮಗೆ ಜಾಸ್ತಿ ಭಯ ಇರುವುದು ಯಾವುದರ ಬಗ್ಗೆ?" ಎಂದು ಕೇಳುತ್ತೇನೆ. ದೊಡ್ಡ ಮೊತ್ತಕ್ಕೆ ಪಟ್ಟು ಹಿಡಿದ ಹೆಂಗಸಿಗೆ ನಿಜವಾಗಿ ಬೇಕಿರುವುದು ತವರಿನವರು ಕೊಟ್ಟ ಒಡವೆ ಇರಬಹುದು. ಮಗು ತನಗೇ ಬೇಕೆನ್ನುವ ಅಪ್ಪನಿಗೆ, ಮಗು ತನ್ನನ್ನು ಮರೆತುಬಿಟ್ಟರೆ ಎಂಬ ಭಯ ಇರಬಹುದು. ಅವರು ಒಪ್ಪದೆ ಅದನ್ನು ಇನ್ನೊಬ್ಬರಿಗೆ ದಾಟಿಸುವುದಿಲ್ಲ. ಈ ನಂಬಿಕೆ ಕೆಟ್ಟರೆ ಮುಂದೆ ಕೂತು ಪ್ರಯೋಜನವಿಲ್ಲ.

ಅಪ್ಪ ಅಮ್ಮ, ಮಾವ, ಅಣ್ಣಂದಿರನ್ನು ಮೊದಮೊದಲು ಹೊರಗೆ ಕೂರಿಸುತ್ತೇನೆ. ಆದರೆ ಕೊನೆಗೆ ಖಂಡಿತ ಒಳಗೆ ಕರೆಯುತ್ತೇನೆ. ಇಲ್ಲಿ ಒಪ್ಪಿದ್ದು ರಾತ್ರಿ ಮನೆಯಲ್ಲಿ ಮುರಿದುಬೀಳಬಾರದು, ಅಲ್ವಾ?

ಹೊಡೆತ ಬಡಿತದ ಭಯ ಇದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸುವುದಿಲ್ಲ. ಮುಕ್ತವಾಗಿ ಮಾತಾಡುವ ಸ್ಥಿತಿಯೇ ಇಲ್ಲ ಅನ್ನಿಸಿದರೆ ಕೇಸ್ ವಾಪಸ್ ಕಳಿಸುತ್ತೇನೆ. "ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಎನ್ನುವುದು ಮಧ್ಯಸ್ಥಿಕೆಯಲ್ಲ. ಇಬ್ಬರೂ ಮತ್ತೆ ಒಂದಾದರೆ ಸಂತೋಷ. ಮಕ್ಕಳ ಮುಂದೆ ಕಿತ್ತಾಡದೆ ಬೇರೆಯಾದರೂ ಅದು ಒಳ್ಳೆಯ ರಾಜಿಯೇ.

ರಾಜಿ ಪತ್ರ ಬರೆಯುವಾಗ ನಾನು ಆತುರಪಡುವುದಿಲ್ಲ. "ಮಗುವನ್ನು ಆಗಾಗ ನೋಡಬಹುದು" ಎಂಬ ಸಾಲು ಮುಂದಿನ ಜಗಳಕ್ಕೆ ದಾರಿ. ಯಾವ ವಾರ, ಎಷ್ಟು ಗಂಟೆಗೆ, ಯಾರು ಕರೆತರಬೇಕು, ದಸರಾ ರಜೆ ಯಾರ ಮನೆಯಲ್ಲಿ, ಸ್ಕೂಲ್ ಫೀಸ್ ಯಾರದು, ಎಲ್ಲವನ್ನೂ ಬರೆಸುತ್ತೇನೆ. ಪರಸ್ಪರ ಒಪ್ಪಿಗೆಯ ಡಿವೋರ್ಸ್‌ಗೆ 6 ತಿಂಗಳು ಕಾಯಬೇಕು ಎಂದು ಹಿಂದೂ ವಿವಾಹ ಕಾಯ್ದೆಯಲ್ಲಿದೆ. ಸೂಕ್ತ ಕೇಸ್‌ಗಳಲ್ಲಿ ಕೋರ್ಟ್ ಈ ಕಾಯುವ ಅವಧಿಯನ್ನು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕಾಯಬೇಕಾಗಿ ಬಂದರೆ ಆ ತಿಂಗಳುಗಳಲ್ಲಿ ಮಗುವಿನ ಖರ್ಚು ಯಾರದು, ಒಪ್ಪಿದ ಹಣದ ಡಿಡಿ ಯಾವ ದಿನ ಕೊಡಬೇಕು, ಯಾವ ಕೇಸನ್ನು ಯಾರು ಹಿಂಪಡೆಯಬೇಕು ಎಂಬುದೂ ಪತ್ರದಲ್ಲಿರಬೇಕು.

ಸಹಿಗೆ ಮುಂಚೆ ಇಡೀ ಪತ್ರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತೇನೆ. ಯಾರಾದರೂ ಒಂದು ಸಾಲಿನಲ್ಲಿ ತಡವರಿಸಿದರೆ ಅವತ್ತು ಸಹಿ ಹಾಕಿಸುವುದಿಲ್ಲ. ಇನ್ನೊಂದು ತಾರೀಕು ಕೊಡುತ್ತೇನೆ.