ವೈರಸ್ ಇಲ್ಲದೆ ಜಂಟಿ ಸೋಂಕಿನ ಅಧ್ಯಯನ: ಕಲಬುರಗಿಯ ಪ್ರಯೋಗಾಲಯದಲ್ಲಿ ನನ್ನ ಅನುಭವ

ಮಲೇರಿಯಾ ಮತ್ತು ಎಚ್‌ಐವಿ ಒಟ್ಟಿಗೆ ತಗುಲಿದಾಗ ಏನಾಗುತ್ತದೆ ಎಂಬುದನ್ನು ತಿಳಿಯುವ ಆಸೆಯಿಂದ ಕೆಲಸ ಆರಂಭಿಸಿದಾಗ, ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ಜೀವಂತ ಎಚ್‌ಐವಿ ಬೆಳೆಸಲು ಬೇಕಾದ ಮೂರನೆಯ ಹಂತದ ಜೈವಿಕ ಸುರಕ್ಷತಾ ಕೊಠಡಿ ಇರಲಿಲ್ಲ. ಸಾಮಾನ್ಯ ಇಲಿಗೆ ಎಚ್‌ಐವಿ ತಗಲುವುದಿಲ್ಲ; ಮಾನವ ರಕ್ಷಣಾಕೋಶಗಳನ್ನು ಕಸಿ ಮಾಡಿದ ಇಲಿಗಳಾಗಲಿ, ಎಚ್‌ಐವಿಯನ್ನು ಹೋಲುವ ಕೋತಿಗಳ ವೈರಸ್ಸಾದ ಎಸ್‌ಐವಿ ತಗುಲಿಸಿದ ಮಕಾಕ್ ಕೋತಿಗಳಾಗಲಿ ನಮ್ಮ ಕೈಗೆಟುಕುವಂತಿರಲಿಲ್ಲ. ಆದ್ದರಿಂದ ಪ್ರಶ್ನೆಯನ್ನೇ ಕಿರಿದು ಮಾಡಿಕೊಂಡೆ: ಮಲೇರಿಯಾ ಪರಾವಲಂಬಿಯ ಸಾರವನ್ನು ಬೆರೆಸಿದರೆ ಮನುಷ್ಯರ ಬಿಳಿ ರಕ್ತಕಣಗಳು ಎಷ್ಟು ಟಿಎನ್‌ಎಫ್-ಆಲ್ಫಾ ಸ್ರವಿಸುತ್ತವೆ? ಸೋಂಕಿತ ಕೋಶದೊಳಗೆ ಎಚ್‌ಐವಿಯ ನಕಲು ವೇಗವಾಗುವಂತೆ ಪ್ರಚೋದಿಸುವ ಪ್ರೋಟೀನುಗಳಲ್ಲಿ ಇದು ಮುಖ್ಯವಾದುದು.

ಮಲೇರಿಯಾ ಪರಾವಲಂಬಿಯಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಮ್ ಬೆಳೆಸಲು 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ತೋರಿಸಿದ ಮೇಣದಬತ್ತಿ ಜಾಡಿಯ ವಿಧಾನವನ್ನೇ ಹಿಡಿದೆ. ಆರ್‌ಪಿಎಂಐ 1640 ಎಂಬ ಪೋಷಕ ದ್ರಾವಣದಲ್ಲಿ ಮಾನವ ಕೆಂಪು ರಕ್ತಕಣಗಳನ್ನಿಟ್ಟು, ಜಾಡಿಯೊಳಗೆ ಬತ್ತಿ ಹಚ್ಚಿ ಮುಚ್ಚಿದರೆ, ಬತ್ತಿ ತಾನಾಗಿ ಆರುವ ಹೊತ್ತಿಗೆ ಆಮ್ಲಜನಕ ತಗ್ಗಿ ಇಂಗಾಲದ ಡೈಆಕ್ಸೈಡ್ ಏರಿರುತ್ತದೆ. 37 ಡಿಗ್ರಿ ಕಾಯ್ದುಕೊಳ್ಳುವುದು ಚಳಿಗಾಲದಲ್ಲಿ ಸುಲಭ. ಇಲ್ಲಿನ ಮೇ ತಿಂಗಳಲ್ಲಿ ಕೊಠಡಿಯೇ 40 ದಾಟುವುದರಿಂದ, ಬಿಸಿ ಮಾಡಬಲ್ಲ ಆದರೆ ತಣಿಸಲಾರದ ನಮ್ಮ ಇನ್‌ಕ್ಯುಬೇಟರನ್ನು ಎಸಿ ಕೊಠಡಿಗೆ ಸಾಗಿಸಬೇಕಾಯಿತು.

ಮೊದಲ ಫಲಿತಾಂಶ ನೋಡಿ ಬಹಳ ಸಂತೋಷಪಟ್ಟಿದ್ದೆ. ಪರಾವಲಂಬಿಯ ಸಾರ ಹಾಕಿದ ಬಾವಿಗಳಲ್ಲಿ (ಪ್ರಯೋಗದ ತಟ್ಟೆಯ ಪುಟ್ಟ ಗುಳಿಗಳಲ್ಲಿ) ಟಿಎನ್‌ಎಫ್-ಆಲ್ಫಾ ಬಹಳ ಏರಿತ್ತು, ಸೋಂಕಿಲ್ಲದ ರಕ್ತಕಣಗಳ ಸಾರ ಹಾಕಿದ ಬಾವಿಗಳಲ್ಲಿ ಏರಿರಲಿಲ್ಲ. ಆದರೆ ತಾಳೆಗೆಂದು ನಾನು ಬಳಸಿದ್ದು ಅದೇ ದಿನ ತೊಳೆದ ತಾಜಾ ರಕ್ತಕಣಗಳನ್ನು. ಪರಾವಲಂಬಿಯ ಕಲ್ಚರ್ (ಜಾಡಿಯಲ್ಲಿ ಬೆಳೆಸಿದ ಸಂತತಿ) ಮಾತ್ರ ತಿಂಗಳುಗಟ್ಟಲೆ ನಡೆದುಬಂದದ್ದು. ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿಸಿದಾಗ ಆ ಕಲ್ಚರಿನಲ್ಲಿ ಮೈಕೋಪ್ಲಾಸ್ಮಾ ಸೇರಿಕೊಂಡಿರುವುದು ತಿಳಿಯಿತು. ಕೋಶಭಿತ್ತಿಯಿಲ್ಲದ ಈ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಜಗ್ಗುವುದಿಲ್ಲ, ದ್ರಾವಣವನ್ನು ಕದಡುವುದಿಲ್ಲ, ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನದಲ್ಲಿ ಕಣ್ಣಿಗೆ ಬೀಳುವುದೂ ಕಷ್ಟ. ಅಷ್ಟಾದರೂ ಬಿಳಿ ರಕ್ತಕಣಗಳನ್ನು ತಾನೇ ಕೆರಳಿಸುತ್ತದೆ. ಹಾಗಾಗಿ ನಾನು ಅಳೆದದ್ದರಲ್ಲಿ ಮಲೇರಿಯಾದ ಪಾಲೆಷ್ಟು ಎಂದು ಹೇಳುವ ದಾರಿಯೇ ಇರಲಿಲ್ಲ. ಎರಡು ತಿಂಗಳ ದತ್ತಾಂಶವನ್ನು ಕೈಬಿಟ್ಟೆ.

ಅಂದಿನಿಂದ ಅದೇ ದಾನಿಯ ಸೋಂಕಿಲ್ಲದ ರಕ್ತಕಣಗಳನ್ನು ಅದೇ ದ್ರಾವಣದಲ್ಲಿ, ಅದೇ ಜಾಡಿಯಲ್ಲಿ, ಅಷ್ಟೇ ದಿನ ಇಟ್ಟು ತಾಳೆ ನೋಡುತ್ತೇನೆ. ಹದಿನೈದು ದಿನಕ್ಕೊಮ್ಮೆ ಮೈಕೋಪ್ಲಾಸ್ಮಾ ಪರೀಕ್ಷೆ ತಪ್ಪಿಸುವುದಿಲ್ಲ. ಶುದ್ಧ ಕಲ್ಚರಿನಲ್ಲಿಯೂ ಏರಿಕೆ ಕಂಡಿತು, ಮೊದಲಿನಷ್ಟಲ್ಲ. ಈಗ ಅದೇ ಕಲ್ಚರಿನ ಮೇಲೆ ಎಚ್‌ಐವಿ ಔಷಧವಾದ ಲೋಪಿನಾವಿರ್ ಪ್ರಯೋಗಿಸುತ್ತಿದ್ದೇನೆ, ಏಕೆಂದರೆ ಅದು ಪರಾವಲಂಬಿಯ ಬೆಳವಣಿಗೆಯನ್ನೂ ತಡೆಯಬಲ್ಲದು ಮತ್ತು ಅದನ್ನು ಅಳೆಯಲು ವೈರಸ್ಸೇ ಬೇಕಿಲ್ಲ.